ಬೆಂಗಳೂರು ನಗರ ಜಿಲ್ಲೇಲಿ ಮತ್ತೆ ಆನ್‌ಲೈನ್ ಕ್ಲಾಸ್, ನಿಮ್ಮನೇಲಿ ಏನ್ ಕಥೆ?

ಶ್ರೀನಗರದ ಅಮ್ಮ | 4 ಜನವರಿ 2022, ರಾತ್ರಿ 9:50

ಟಿವಿ ನೋಡಿದ್ರಾ ಎಲ್ರೂ? ಕೊರೊನಾ ಮತ್ತೆ ಜಾಸ್ತಿ ಆಯ್ತು ಅಂತ ಗುರುವಾರದಿಂದ ಬೆಂಗಳೂರು ನಗರ ಜಿಲ್ಲೇಲಿ 1ರಿಂದ 9ನೇ ಕ್ಲಾಸ್ ತನಕ ಸ್ಕೂಲ್ ಬಂದ್, 19ರ ತನಕ ಅಂತೆ, ಹತ್ತನೇ ಕ್ಲಾಸು ಮತ್ತೆ ಪಿಯುಸಿಗೆ ಮಾತ್ರ ಇದೆ. ಮಂತ್ರಿಗಳು ಅಶೋಕ್ ಅವ್ರೂ ಸುಧಾಕರ್ ಅವ್ರೂ ಕೂತ್ಕೊಂಡು ಹೇಳಿದ್ರು, ವೀಕೆಂಡ್ ಕರ್ಫ್ಯೂ, ಮಾಲು ಪಬ್ಬು ಥಿಯೇಟರ್‌ಗೆ ಅರ್ಧ ಸೀಟು ಅಂತೆಲ್ಲ. ಅವಕ್ಕೆ ಅರ್ಧ, ಮಕ್ಕಳ ಸ್ಕೂಲಿಗೆ ಪೂರ್ತಿ ಬೀಗ.

ನನ್ನ ಮಗಳು ಎರಡನೇ ಕ್ಲಾಸು. 2020ರ ಮಾರ್ಚಲ್ಲಿ ಯುಕೆಜಿ ಮುಗಿಸೋ ಮುಂಚೆ ಮನೆಗೆ ಬಂದೋಳು, ಒಂದನೇ ಕ್ಲಾಸ್ ಅನ್ನೋದನ್ನ ಕಣ್ಣಲ್ಲೇ ನೋಡಿಲ್ಲ, ಪೂರ್ತಿ ನನ್ನ ಫೋನಲ್ಲೇ ಆಗೋಯ್ತು. ಅಕ್ಟೋಬರ್ 25ಕ್ಕೆ ಸ್ಕೂಲ್ ತೆಗೆದಾಗ ಮಿಸ್ ಹಾಜರಿ ಕೂಗಿದ್ರೆ ಇವಳು ಎದ್ದು ನಿಂತು "ಮಿಸ್ ನನ್ ವಾಯ್ಸ್ ಕೇಳಿಸ್ತಿದ್ಯಾ" ಅಂತ ಕೇಳಿ ಆಮೇಲೆ ಪ್ರೆಸೆಂಟ್ ಅಂತಿದ್ಲಂತೆ, ಮಿಸ್ಸೇ ಹೇಳಿ ನಕ್ಕಿದ್ರು. ಅದು ಹೋಗೋಕೆ ಮೂರು ವಾರ ಹಿಡೀತು. ಈಗ ಒಬ್ಳು ಗೆಳತಿ ಆಗಿದ್ಲು, ಡಬ್ಬಿ ಬದಲಾಯಿಸ್ಕೊಳ್ಳೋ ಗೆಳತಿ (ಬದಲಾಯಿಸ್ಕೋಬಾರ್ದು ಅಂತ ರೂಲ್ಸ್ ಇದೆ, ನಂಗೂ ಗೊತ್ತು, ಅವಕ್ಕೆ ಯಾರ್ ಹೇಳ್ತಾರೆ). ಎರಡೂವರೆ ತಿಂಗಳೂ ಆಗಿಲ್ಲ, ಮತ್ತೆ ಮನೆ.

ನಾನು ಕೋಆಪರೇಟಿವ್ ಬ್ಯಾಂಕಲ್ಲಿ ಕೆಲಸ, ನಮಗೆ ವರ್ಕ್ ಫ್ರಮ್ ಹೋಮ್ ಗೀಮ್ ಏನಿಲ್ಲ, ಕೌಂಟರಲ್ಲೇ ಕೂರ್ಬೇಕು. ಅತ್ತೆಗೆ ಲಿಂಕ್ ಓಪನ್ ಮಾಡೋಕೆ ಬರಲ್ಲ. ನೀವೆಲ್ಲ ಹೇಗೆ ಮಾಡ್ಕೊಳ್ತಿದೀರ ಹೇಳಿ.

ಪಕ್ಕಾ ಪ್ರಾಕ್ಟಿಕಲ್ | 4 ಜನವರಿ, ರಾತ್ರಿ 10:20

ಬೈಯ್ಕೊಳ್ಳಿ ಪರ್ವಾಗಿಲ್ಲ, ನಂಗಂತೂ ಈ ಡಿಸಿಶನ್ ಸರಿ ಅನ್ಸುತ್ತೆ. ರಾಜ್ಯದ ಕೇಸಲ್ಲಿ ಬಹುಪಾಲು ಬೆಂಗಳೂರಿಂದೇ ಬರ್ತಿದೆ. ಹೋದ ವರ್ಷ ಏಪ್ರಿಲಲ್ಲಿ ನಮ್ಮಪ್ಪಂಗೆ ಒಂದು ಬೆಡ್ಡಿಗೆ ಎಷ್ಟು ಫೋನ್ ಮಾಡಿದ್ದೀನಿ ಅಂತ ನಂಗೇ ಗೊತ್ತಿಲ್ಲ, ಕೊನೆಗೆ ಬೆಡ್ ಸಿಕ್ಕಿತು ಅಂತ ಫೋನ್ ಬಂದಾಗ ನಾನು ಸುಮನಹಳ್ಳಿ ಚಿತಾಗಾರದ ಮುಂದೆ ಆಂಬ್ಯುಲೆನ್ಸ್ ಸಾಲಲ್ಲಿ ನಿಂತಿದ್ದೆ. ಎರಡು ವಾರ ಎಬಿಸಿಡಿ ತಪ್ಪಿದ್ರೆ ಏನೂ ಆಗಲ್ಲ. ಮನೇಲಿ ಅಜ್ಜಿ ತಾತ ಇರೋರು ಯೋಚ್ನೆ ಮಾಡಿ.

ಶ್ರೀನಗರದ ಅಮ್ಮ | 4 ಜನವರಿ, ರಾತ್ರಿ 10:31

ಅಪ್ಪನ ವಿಷಯ ಕೇಳಿ ಬೇಜಾರಾಯ್ತು ಸರ್. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಬಸವನಗುಡಿ ತಾತ | 5 ಜನವರಿ, ಬೆಳಿಗ್ಗೆ 6:05

ಅಮ್ಮಾ, ಒಂದು ಜ್ಞಾಪಿಸ್ತೀನಿ. 2020ರ ಜೂನಲ್ಲಿ ಇದೇ ಸರ್ಕಾರ 5ನೇ ಕ್ಲಾಸಿನ ತನಕ ಆನ್‌ಲೈನ್ ಪಾಠಾನೇ ಮಾಡಬಾರ್ದು, ಮಕ್ಕಳಿಗೆ ಒಳ್ಳೇದಲ್ಲ ಅಂತ ನಿಷೇಧ ಹಾಕಿತ್ತು, ಸುರೇಶ್ ಕುಮಾರ್ ಅವ್ರು ಶಿಕ್ಷಣ ಮಂತ್ರಿ ಆಗ. ಪೇರೆಂಟ್ಸೇ ಕೋರ್ಟಿಗೆ ಹೋದ್ರು, ಜುಲೈನಲ್ಲಿ ಹೈಕೋರ್ಟ್ ತಡೆ ಕೊಡ್ತು. ಈಗ ಅದೇ ಆನ್‌ಲೈನೇ ಗತಿ ಅಂತಿದಾರೆ. ಯಾರದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಎಪ್ಪತ್ತೊಂದು ವರ್ಷದಲ್ಲಿ ಇಷ್ಟು ಬೇಗ ಉಲ್ಟಾ ಆಗಿದ್ದನ್ನ ನೋಡಿರ್ಲಿಲ್ಲ ಅಷ್ಟೆ.

ನಮ್ಮನೇಲಿ ಮೊಮ್ಮಗ ನಾಲ್ಕನೇ ಕ್ಲಾಸು. ಹೋದ ಸಲ ಅವನ ಜೊತೆ ನಾನೇ ಕೂತಿದ್ದೆ, ಭಿನ್ನರಾಶಿ ನಂಗೆ ಈಗ ಚೆನ್ನಾಗಿ ಬರುತ್ತೆ, ಅವನಿಗೆ ಬರಲ್ಲ. ನಿಮ್ಮ ಅತ್ತೆಯವ್ರಿಗೆ ಹೇಳಿ, ಒಂದು ಬಿಳಿ ಕಾಗದದ ಮೇಲೆ ಪೆನ್ನಲ್ಲಿ ಬರ್ಕೊಳ್ಳೋದು, ಮೊದಲು ಹಸಿರು ಬಟನ್, ಆಮೇಲೆ ನೀಲಿ ಬಟನ್, ಆಮೇಲೆ ಮೈಕಿನ ಚಿತ್ರ. ನಾನು ಕಲ್ತಿದ್ದೇ ಹಾಗೆ, ಆ ಕಾಗದ ಇನ್ನೂ ಫ್ರಿಜ್ ಮೇಲೆ ಅಂಟಿಸಿದೆ.

ಡಾಕ್ಟ್ರಮ್ಮ | 5 ಜನವರಿ, ಮಧ್ಯಾಹ್ನ 2:40

ಡ್ಯೂಟಿ ಮಧ್ಯೆ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಕ್ಷಮಿಸಿ. ನಾನು ಮಕ್ಕಳ ವಾರ್ಡಲ್ಲಿ ಕೆಲಸ ಮಾಡೋದು. ಕೊರೊನಾದ ಹೊಸ ತಳಿ ಓಮಿಕ್ರಾನ್, ದೇಶದ ಮೊದಲ ಎರಡು ಕೇಸ್ ಡಿಸೆಂಬರ್ 2ಕ್ಕೆ ನಮ್ಮೂರಲ್ಲೇ ಸಿಕ್ಕಿದ್ದು, ಈಗ ಒಂದು ತಿಂಗಳು. ಇದು ಹರಡೋ ಸ್ಪೀಡ್ ಹೋದ ವರ್ಷದ ಡೆಲ್ಟಾ ತಳಿಗಿಂತ ಜಾಸ್ತಿ, ಆದ್ರೆ ಮಕ್ಕಳಿಗೆ ಬಂದ್ರೆ ಬಹುತೇಕರಿಗೆ ಎರಡು ದಿನ ಜ್ವರ ಗಂಟಲು ನೋವು ಅಷ್ಟರಲ್ಲೇ ಹೋಗ್ತಿದೆ. ಲಸಿಕೆ 15ರಿಂದ 18ರವ್ರಿಗೆ ಮೊನ್ನೆ 3ನೇ ತಾರೀಕು ಶುರುವಾಗಿದೆ, ಅದಕ್ಕಿಂತ ಚಿಕ್ಕವ್ರಿಗೆ ಇನ್ನೂ ಇಲ್ಲ, ಹತ್ತನೇ ಕ್ಲಾಸು ಮೇಲ್ಪಟ್ಟೋರಿಗೆ ಸ್ಕೂಲ್ ಮುಚ್ಚದೇ ಇರೋದಕ್ಕೆ ಅದೂ ಒಂದು ಕಾರಣ, ಪರೀಕ್ಷೆ ಇನ್ನೊಂದು.

ಪ್ರಾಕ್ಟಿಕಲ್ ಸರ್ ಹೇಳೋ ಭಯ ನಿಜ, ನಾನೂ ಆ ಏಪ್ರಿಲ್ ನೋಡಿದ್ದೀನಿ. ಆದ್ರೆ ಮುಚ್ಚೋದಾದ್ರೆ ಸ್ಕೂಲನ್ನ ಕೊನೇಗೆ ಮುಚ್ಬೇಕು, ತೆಗೆಯೋದಾದ್ರೆ ಮೊದಲು ತೆಗೀಬೇಕು, ನಾವು ಎರಡೂ ಸಲ ಉಲ್ಟಾ ಮಾಡಿದ್ವಿ. ಮೂರನೇ ಅಲೆ ಬಗ್ಗೆ ಸರ್ಕಾರ ಮಾಡಿದ್ದ ಡಾಕ್ಟರ್ ದೇವಿ ಶೆಟ್ಟಿ ಅವ್ರ ಸಮಿತಿ ಕಳೆದ ಜೂನಲ್ಲೇ ಸ್ಕೂಲ್ ತೆಗೀರಿ ಅಂತ ವರದಿ ಕೊಟ್ಟಿತ್ತು, ಪುಟ್ಟ ಮಕ್ಕಳ ಸರದಿ ಬರೋಷ್ಟ್ರಲ್ಲಿ ಅಕ್ಟೋಬರ್ ಕೊನೆ ಆಯ್ತು.

ಚಾಕ್‌ಪೀಸ್ | 5 ಜನವರಿ, ರಾತ್ರಿ 9:15

ನಾನು ಸರ್ಕಾರಿ ಶಾಲೆ ಟೀಚರ್, ಊರಿನ ಅಂಚಲ್ಲಿ, ಸುತ್ತ ಅಪಾರ್ಟ್‌ಮೆಂಟ್ ಏಳ್ತಿರೋ ಜಾಗ. ನಮ್ಮ ಶಾಲೇಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಯಾದಗಿರಿ ರಾಯಚೂರು ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವ್ರ ಮಕ್ಕಳು. ನೀವೆಲ್ಲ ಆನ್‌ಲೈನ್ ಚೆನ್ನಾಗಿದ್ಯೋ ಇಲ್ವೋ ಅಂತ ಮಾತಾಡ್ತಿದೀರ, ನಮ್ಮಲ್ಲಿ ಅದು ಇಲ್ಲವೇ ಇಲ್ಲ. ಫೋನು ಅಪ್ಪನ ಜೇಬಲ್ಲಿ ಇರುತ್ತೆ, ಅಪ್ಪ ಸೈಟಲ್ಲಿ ಇರ್ತಾನೆ, ಫೋನ್ ಮನೆಗೆ ಬರೋದು ರಾತ್ರಿ ಎಂಟಕ್ಕೆ, ಅದರಲ್ಲಿ ಡೇಟಾ ಇದ್ರೆ ಪುಣ್ಯ. ಹೋದ ತಿಂಗಳು ರೀಚಾರ್ಜ್ ರೇಟ್ ಬೇರೆ ಏರಿಸಿದ್ರು. ಕೆಲವರದ್ದಂತೂ ಬಟನ್ ಫೋನು.

2020ರಲ್ಲಿ ವಿದ್ಯಾಗಮ ಅಂತ ಮಾಡಿದ್ವಿ, ಜ್ಞಾಪಕ ಇದ್ಯಾ? ಮರದ ಕೆಳಗೆ, ದೇವಸ್ಥಾನದ ಕಟ್ಟೆ ಮೇಲೆ, ಮಕ್ಕಳಿದ್ದ ಕಡೆ ನಾವೇ ಹೋಗಿ ಪಾಠ. ನಂಗೆ ಕೇಳಿದ್ರೆ ಆ ಎರಡು ವರ್ಷದಲ್ಲಿ ಕೈಗೂಡಿದ್ದು ಅದೊಂದೇ. ಆಮೇಲೆ ಟೀಚರ್‌ಗಳಿಗೇ ಸೋಂಕು ಬಂತು, ಕೆಲವ್ರು ತೀರ್ಕೊಂಡ್ರು, ಅಕ್ಟೋಬರಲ್ಲಿ ನಿಲ್ಲಿಸಿದ್ರು. ನಿಲ್ಲಿಸಿದ್ದು ತಪ್ಪು ಅನ್ನಲ್ಲ.

ಈ ಸಲ ನಾನೊಂದು ಉಪಾಯ ಮಾಡಿದೀನಿ. ಇವತ್ತು ಸಂಜೆ ಮಕ್ಕಳನ್ನ ಮನೆಗೆ ಕಳಿಸೋವಾಗ ಎಲ್ರ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ನನ್ನ ನಂಬರ್ ಬರೆದೆ. ದಿನಾ ಒಂದು ಪುಟ ಓದಿ, ಒಂದು ಪುಟ ಬರೀರಿ, ಆದ್ಮೇಲೆ ಅಪ್ಪನ ಫೋನಿಂದ ನಂಗೆ ಮಿಸ್ಡ್ ಕಾಲ್ ಕೊಡಿ, ಅದೇ ಹಾಜರಿ ಅಂದೆ. ಕರೆನ್ಸಿ ಬೇಡ, ಡೇಟಾ ಬೇಡ. ನೋಡೋಣ.

ಸ್ಕೂಲ್ ವ್ಯಾನ್ ಮಂಜ | 6 ಜನವರಿ, ಬೆಳಿಗ್ಗೆ 8:10

ಇಷ್ಟೊತ್ತಿಗೆ ನಾನು ಹನುಮಂತನಗರ ರಾಮಾಂಜನೇಯ ಗುಡ್ಡದ ಇಳಿಜಾರಲ್ಲಿ ಮೂರನೇ ಮನೆ ಮುಂದೆ ಹಾರ್ನ್ ಹೊಡೀತಾ ಇರ್ಬೇಕಿತ್ತು, ಇವತ್ತು ಟೀ ಅಂಗ್ಡಿ ಮುಂದೆ ಕೂತು ಇದನ್ನ ಓದ್ತಾ ಇದೀನಿ. ನಮ್ಮ ಬಗ್ಗೆ ಯಾರೂ ಮಾತಾಡಲ್ಲ ಅದಕ್ಕೆ ಬರೀತಿದೀನಿ. 2020ರಲ್ಲಿ ಸೀಟ್ ಬಿಚ್ಚಿ ಈರುಳ್ಳಿ ಟೊಮೇಟೊ ಮಾರಿದೆ, ಮತ್ತೆ ಮೊನ್ನೆ ನವೆಂಬರಲ್ಲಿ ಸೀಟ್ ಹಾಕ್ಸಿ, ಎಫ್‌ಸಿ (ಗಾಡಿ ಫಿಟ್ನೆಸ್ ಸರ್ಟಿಫಿಕೇಟ್) ಮಾಡ್ಸಿ, ಇನ್ಶೂರೆನ್ಸ್ ಕಟ್ಟಿ, ಎರಡು ಟೈರ್ ಹಾಕ್ಸಿದೀನಿ, ಎಲ್ಲಾ ಸಾಲ. ಸೀಟ್ ಬೋಲ್ಟು ಇನ್ನೂ ಹೊಳೀತಾ ಇದೆ. ಜನವರಿದು ಅರ್ಧ ತಿಂಗಳ ದುಡ್ಡಾದ್ರೂ ಕೊಡಿ ಅಂತ ಮೇಡಂಗಳನ್ನ ಕೇಳೋಕೆ ಬಾಯಿ ಬರಲ್ಲ, ಅವ್ರೂ ಪಾಪ ಸ್ಕೂಲ್ ಫೀಸ್ ಕಟ್ಟಿರ್ತಾರೆ.

ಶ್ರೀನಗರದ ಅಮ್ಮ | 6 ಜನವರಿ, ಬೆಳಿಗ್ಗೆ 8:22

ಮಂಜಣ್ಣ, ನಮ್ಮ ವ್ಯಾನ್ ಅಣ್ಣಂಗೆ ಈ ತಿಂಗಳು ಪೂರ್ತಿ ಕೊಡ್ತೀನಿ ಅಂತ ಈಗ್ಲೇ ಮೆಸೇಜ್ ಹಾಕ್ದೆ. ನಂಗೆ ಹೊಳ್ದೇ ಇರ್ಲಿಲ್ಲ.

ನೆಲಮಂಗಲ ಎಕ್ಸ್‌ಪ್ರೆಸ್ | 6 ಜನವರಿ, ಮಧ್ಯಾಹ್ನ 1:00

ತಮಾಷೆ ಕೇಳಿ. ನಮ್ಮನೆ ಮಾದಾವರ, ಬೆಂಗಳೂರು ನಗರ ಜಿಲ್ಲೆ. ನನ್ನ ತಂಗಿ ಮನೆ ನೆಲಮಂಗಲ, ಗ್ರಾಮಾಂತರ ಜಿಲ್ಲೆ. ಒಂದೇ ಹೈವೇ, ಬೈಕಲ್ಲಿ ಹದಿನೈದು ನಿಮಿಷ ಇಲ್ಲ. ಅವಳ ಮಗ ಇವತ್ತು ಬೆಳಿಗ್ಗೆ ಯೂನಿಫಾರ್ಮ್ ಹಾಕ್ಕೊಂಡು ಸ್ಕೂಲಿಗೆ ಹೋದ, ನನ್ನ ಮಗ ಚಡ್ಡೀಲಿ ಕೂತು ಲ್ಯಾಪ್‌ಟಾಪಲ್ಲಿ ಪ್ರೇಯರ್ ಹೇಳ್ದ. ವೈರಸ್ಸು ಟೋಲ್ ಗೇಟಲ್ಲಿ ನಿಂತು ಆಧಾರ್ ತೋರಿಸುತ್ತೆ ಅನ್ಸುತ್ತೆ. ಅವಳ ಮಗನ ಸ್ಕೂಲಲ್ಲಿ ಅರ್ಧ ಟೀಚರ್‌ಗಳು ದಿನಾ ಬೆಂಗಳೂರಿಂದಾನೇ ಬಸ್ಸಲ್ಲಿ ಹೋಗೋದು.

ಡಾಕ್ಟ್ರಮ್ಮ | 6 ಜನವರಿ, ಸಂಜೆ 5:30

@ನೆಲಮಂಗಲ, ನಗು ಬಂತು, ಆದ್ರೆ ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ವಾ. ಕೇಸ್ ಕಡಿಮೆ ಇರೋ ಚಾಮರಾಜನಗರ ಬೀದರ್ ಮಕ್ಕಳನ್ನೂ ಮನೇಲಿ ಕೂರಿಸೋದಕ್ಕಿಂತ ಜಿಲ್ಲೆ ಲೆಕ್ಕ ವಾಸಿ. ಅದಕ್ಕಿಂತ ವಾಸಿ ಅಂದ್ರೆ ಶಾಲೆ ಲೆಕ್ಕ: ಕೇಸ್ ಬಂದ ಶಾಲೆ ಮಾತ್ರ ಒಂದು ವಾರ ಮುಚ್ಚೋದು.

ಕ್ಯಾಮೆರಾ ಹಿಂದಿನ ಮಿಸ್ | 10 ಜನವರಿ, ರಾತ್ರಿ 11:05

ಪ್ರೈವೇಟ್ ಸ್ಕೂಲ್ ಟೀಚರ್ ಕಡೆಯಿಂದ ಎರಡು ಮಾತು. ನಲವತ್ತು ಪುಟ್ಟ ಪುಟ್ಟ ಡಬ್ಬಿ, ಅದರಲ್ಲಿ ಹದಿನೈದು ಫ್ಯಾನ್ ಕಾಣ್ಸುತ್ತೆ, ಯಾಕಂದ್ರೆ ಫೋನ್ ಮಲಗಿಸಿರ್ತಾರೆ. ಪ್ರಶ್ನೆ ಕೇಳಿದ್ರೆ ಉತ್ತರ ಬರೋಕೆ ಮುಂಚೆ ಪಿಸುಮಾತು ಬರುತ್ತೆ, "ಹನ್ನೆರಡು ಅನ್ನೋ, ಹನ್ನೆರಡು". ಅಮ್ಮಂದಿರೇ, ದಯವಿಟ್ಟು ತಪ್ಪು ಹೇಳೋಕೆ ಬಿಡಿ. ಮಗು ತಪ್ಪು ಹೇಳಿದ್ರೇ ಅದಕ್ಕೆ ಏನು ಗೊತ್ತಿಲ್ಲ ಅಂತ ನಂಗೆ ಗೊತ್ತಾಗೋದು. ಕ್ಲಾಸಲ್ಲಿ ಆದ್ರೆ ಪೆನ್ಸಿಲ್ ಹಿಡ್ದಿರೋದು ನೋಡೇ ಹೇಳ್ತೀನಿ ಇದಕ್ಕೆ ಬರ್ತಿಲ್ಲ ಅಂತ.

ಮತ್ತೆ ಸಂಬಳ. 2020ರಲ್ಲಿ ನಂಗೆ ಅರ್ಧ ಸಂಬಳ, ಅದೂ ಮೂರು ತಿಂಗಳು ತಡ. ಈ ಸಲ ಎರಡೇ ವಾರ ಅಂತಿದಾರೆ, ನಮ್ಮ ಸ್ಟಾಫ್ ರೂಮಲ್ಲಿ ಆ ಎರಡೇ ವಾರ ಅನ್ನೋ ಮಾತನ್ನ ಯಾರೂ ನಂಬ್ತಿಲ್ಲ.

ಪಕ್ಕಾ ಪ್ರಾಕ್ಟಿಕಲ್ | 10 ಜನವರಿ, ರಾತ್ರಿ 11:20

ಮಿಸ್, ಫೀಸ್ ಮಾತ್ರ ಫುಲ್ ತಗೊಳ್ತಾರಲ್ಲ ನಿಮ್ಮ ಮ್ಯಾನೇಜ್‌ಮೆಂಟ್‌ನವ್ರು, ಆ ದುಡ್ಡು ಎಲ್ಲಿ ಹೋಗುತ್ತೆ? 2021ರ ಜನವರೀಲಿ ಸರ್ಕಾರ ಟ್ಯೂಷನ್ ಫೀಸಲ್ಲಿ 30 ಪರ್ಸೆಂಟ್ ಕಡಿಮೆ ಮಾಡಿ ಅಂತು, ಕೋರ್ಟಲ್ಲಿ ಹತ್ತಿ ಇಳಿದು ಅದು 15ಕ್ಕೆ ಬಂತು.

ಕ್ಯಾಮೆರಾ ಹಿಂದಿನ ಮಿಸ್ | 10 ಜನವರಿ, ರಾತ್ರಿ 11:24

ಅದನ್ನ ನಂಗೆ ಗೊತ್ತಾದ ದಿನ ಮೊದಲು ನಿಮಗೇ ಹೇಳ್ತೀನಿ ಸರ್.

ಮಿಶಿಗನ್ ಕೆರೆ ದಂಡೆ | 13 ಜನವರಿ, ಬೆಳಿಗ್ಗೆ 7:45

ಶಿಕಾಗೋದಿಂದ. ನಿಮ್ಮ ಥ್ರೆಡ್ ಒಂದು ವಾರದಿಂದ ಓದ್ತಾ ಇದೀನಿ, ಇಲ್ಲಿ ಆಗಿದ್ದು ಹೇಳ್ಲೇಬೇಕು. ನಮ್ಮ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ ದೊಡ್ಡದು, 3 ಲಕ್ಷಕ್ಕೂ ಮೇಲೆ ಮಕ್ಕಳು. ಇಲ್ಲಿ ನಿಮ್ಮದಕ್ಕೆ ಉಲ್ಟಾ, ಆನ್‌ಲೈನ್ ಬೇಕು ಅಂದಿದ್ದು ಟೀಚರ್ಸ್ ಯೂನಿಯನ್, ಬೇಡ ಅಂದಿದ್ದು ಮೇಯರ್ ಲೈಟ್‌ಫುಟ್. 4ನೇ ತಾರೀಕು ರಾತ್ರಿ ಯೂನಿಯನ್‌ನವ್ರು ವೋಟ್ ಹಾಕಿ ನಾಳೆಯಿಂದ ಮನೆಯಿಂದ್ಲೇ ಪಾಠ ಅಂದ್ರು, ಡಿಸ್ಟ್ರಿಕ್ಟ್‌ನವ್ರು ಕ್ಲಾಸೇ ಕ್ಯಾನ್ಸಲ್ ಅಂತ ರಾತ್ರೋರಾತ್ರಿ ಮೆಸೇಜ್ ಕಳಿಸಿದ್ರು, ಟೀಚರ್‌ಗಳ ಲಾಗಿನ್ನೂ ಬಂದ್. ಐದು ಸ್ಕೂಲ್ ದಿನ ಅತ್ತ ಸ್ಕೂಲೂ ಇಲ್ಲ ಇತ್ತ ಆನ್‌ಲೈನೂ ಇಲ್ಲ. ನಿನ್ನೆ ಬುಧವಾರ ಮಕ್ಕಳು ವಾಪಸ್ ಹೋದ್ರು.

ಟೀಚರ್‌ಗಳು ಕೇಳ್ತಿದ್ದಿದ್ದು ಟೆಸ್ಟಿಂಗ್ ಸರಿಯಾಗಿ ಮಾಡಿ ಅಂತ. ಕ್ರಿಸ್‌ಮಸ್ ರಜೇಲಿ ಮನೆಮನೆಗೆ ಒಂದೂವರೆ ಲಕ್ಷ ಟೆಸ್ಟ್ ಕಿಟ್ ಕಳಿಸಿದ್ರು, ಮೂಗಿಗೆ ಕಡ್ಡಿ ಹಾಕಿ ಕೊರಿಯರ್ ಡಬ್ಬಕ್ಕೆ ಹಾಕಿ ಅಂತ. ಡಬ್ಬ ತುಂಬಿ ಕಿಟ್‌ಗಳು ಹೊರಗೆ ಚಳೀಲಿ ರಾಶಿ ಬಿದ್ದಿರೋ ಫೋಟೋ ಎಲ್ಲಾ ಕಡೆ ಬಂತು. ಲ್ಯಾಬಿಗೆ ಹೋಗಿದ್ದು 35 ಸಾವಿರ ಚಿಲ್ಲರೆ, ಅದರಲ್ಲಿ ಸುಮಾರು 25 ಸಾವಿರ ಇನ್‌ವ್ಯಾಲಿಡ್. ಅಮೆರಿಕ ಅಂದ್ರೆ ಎಲ್ಲಾ ಸಿಸ್ಟಮ್ಯಾಟಿಕ್ ಅಂತ ನಮ್ಮಮ್ಮ ಮೈಸೂರಲ್ಲಿ ಅಕ್ಕಪಕ್ಕದವ್ರಿಗೆ ಹೇಳ್ಕೊಂಡು ಓಡಾಡ್ತಾರೆ, ಅವ್ರಿಗೆ ಇದನ್ನ ಹೇಳಿಲ್ಲ.

ಬಸವನಗುಡಿ ತಾತ | 13 ಜನವರಿ, ಬೆಳಿಗ್ಗೆ 8:00

ಹೇಳ್ಬೇಡಪ್ಪ. ನಾಡಿದ್ದು ಹಬ್ಬ, ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡ್ಲಿ.

ಶ್ರೀನಗರದ ಅಮ್ಮ | 15 ಜನವರಿ, ಸಂಜೆ 6:40

ವೀಕೆಂಡ್ ಕರ್ಫ್ಯೂಲಿ ಸಂಕ್ರಾಂತಿ. ಎಳ್ಳು ಬೀರೋಕೆ ಎಲ್ಲಿಗೂ ಹೋಗ್ಲಿಲ್ಲ. ಮಗಳು ಹೊಸ ಲಂಗ ಹಾಕ್ಕೊಂಡು ಒಂದು ಪುಟ್ಟ ಡಬ್ಬೀಲಿ ಎಳ್ಳು, ಒಂದು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು ಹಾಕಿ ಇಟ್ಟಿದಾಳೆ, ಗೆಳತಿಗೆ ಅಂತೆ, ಸ್ಕೂಲ್ ತೆಗೆದಾಗ ಕೊಡ್ತೀನಿ ಅಂತ. ಕಬ್ಬು ಒಣಗೋಗುತ್ತೆ ಕಣೇ ಅಂದೆ. ಫ್ರಿಜ್ಜಲ್ಲಿ ಇಡು ಅಂದ್ಳು.

ಅಂದ ಹಾಗೆ ತಾತ, ನಿಮ್ಮ ಬಿಳಿ ಕಾಗದದ ಐಡಿಯಾ ವರ್ಕ್ ಆಯ್ತು. ಅತ್ತೆ ಲಿಂಕ್ ಓಪನ್ ಮಾಡ್ತಾರೆ, ಆದ್ರೆ ಕ್ಲಾಸ್ ಮುಗಿದ್ಮೇಲೆ ಕ್ಲೋಸ್ ಮಾಡೋದು ಬರೆದಿರ್ಲಿಲ್ಲ ನಾನು. ಮೊನ್ನೆ ನಮ್ಮನೆ ಕುಕ್ಕರ್ ಮೂರು ವಿಶಲ್ ಇಡೀ ಕ್ಲಾಸಿಗೆ ಕೇಳ್ಸಿದೆ.

ಚಾಕ್‌ಪೀಸ್ | 17 ಜನವರಿ, ರಾತ್ರಿ 10:30

ಮಿಸ್ಡ್ ಕಾಲ್ ಹಾಜರಿ ಏನಾಯ್ತು ಅಂತ ಇಬ್ರು ಕೇಳಿದ್ರಿ. ನನ್ನ ಕ್ಲಾಸಲ್ಲಿ 34 ಮಕ್ಕಳು, ಮೊದಲ ದಿನ 26 ಕಾಲ್, ಈಗ 15-16ಕ್ಕೆ ಬಂದು ನಿಂತಿದೆ. ಎಂಟೂವರೆಯಿಂದ ಶುರುವಾಗುತ್ತೆ, ನನ್ನ ಗಂಡ ಮನೇನೇ ಕಂಟ್ರೋಲ್ ರೂಮ್ ಮಾಡಿದೀಯ ಅಂತಾರೆ. ಒಂದೊಂದು ದಿನ ನಾಲ್ಕು ಮಕ್ಕಳಿಗೆ ನಾನೇ ತಿರುಗಿ ಮಾಡಿ ಓದಿಸ್ತೀನಿ. ಒಬ್ಬ ಹುಡುಗ ಶೆಡ್ಡಿಂದ ಆಚೆ ಬಂದು ಓದ್ತಾನೆ, ಪಕ್ಕದಲ್ಲೇ ರಾತ್ರಿ ಪಾಳಿ ಕಾಂಕ್ರೀಟ್ ಮಿಕ್ಸರ್. ಅದು ತಿರುಗೋವಾಗ ನಾನು ಸುಮ್ನಿರ್ತೀನಿ, ನಿಂತ ಕೂಡ್ಲೇ ಎರಡು ಸಾಲು ಓದಿಸ್ತೀನಿ, ಮತ್ತೆ ಶುರುವಾಗುತ್ತೆ. ಈಗ ಅವನೇ "ಟೀಚರ್ ನಿಂತಾದ, ಹೇಳ್ರಿ" ಅಂತಾನೆ.

ಒತ್ತಕ್ಷರ ಹೋಗಿದೆ. ಡಿಸೆಂಬರಲ್ಲಿ ಹಿಡಿದು ಕಲಿಸಿದ್ದೆ, ಈಗ ಮತ್ತೆ ಅಕ್ಕ ಅನ್ನೋದನ್ನ ಅಕಕ ಅಂತ ಬರ್ದು ಫೋಟೋ ಕಳಿಸ್ತಾರೆ. ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯವ್ರು 2021ರ ಶುರುವಿನಲ್ಲಿ ನಮ್ಮ ರಾಜ್ಯನೂ ಸೇರಿ ಐದು ರಾಜ್ಯದ ಸರ್ಕಾರಿ ಶಾಲೆಗಳ 16 ಸಾವಿರ ಮಕ್ಕಳನ್ನ ನೋಡಿದ್ರು, 92 ಪರ್ಸೆಂಟ್ ಮಕ್ಕಳು ಹಿಂದಿನ ವರ್ಷ ಬರ್ತಿದ್ದ ಭಾಷೆಯ ಒಂದಾದ್ರೂ ಕೌಶಲ ಮರೆತಿದ್ರು, ಗಣಿತದಲ್ಲಿ 82. ಓದಿದಾಗ ದೊಡ್ಡ ನಂಬರ್ ಅನ್ಸಿತ್ತು. ಅಕಕ ನೋಡಿದ್ಮೇಲೆ ಕಡಿಮೆನೇ ಹೇಳಿದಾರೆ ಅನ್ಸುತ್ತೆ.

ಇನ್ನೊಂದು, ಊಟ. ಶಾಲೆ ಇದ್ರೆ ಮಧ್ಯಾಹ್ನ ಬಿಸಿಯೂಟ. ಈಗ ಸೈಟಿಗೆ ಹೋಗೋ ಮುಂಚೆ ಅಮ್ಮ ಬೆಳಿಗ್ಗೆ ಆರಕ್ಕೆ ಮಾಡಿಟ್ಟಿದ್ದೇ ಮಧ್ಯಾಹ್ನಕ್ಕೂ.

ಪಕ್ಕಾ ಪ್ರಾಕ್ಟಿಕಲ್ | 22 ಜನವರಿ, ಬೆಳಿಗ್ಗೆ 10:10

19 ಹೋಗಿ 29 ಆಯ್ತು ಅಂತ ನೋಡಿದ್ರಿ. ನಿನ್ನೆ ವೀಕೆಂಡ್ ಕರ್ಫ್ಯೂ ತೆಗೆದ್ರು, ಸ್ಕೂಲ್ ಮಾತ್ರ ಹಾಗೇ. ಈಗ ನಾನೂ ಒಪ್ಕೋಬೇಕು, ಇದರ ಲಾಜಿಕ್ ನಂಗೂ ಅರ್ಥ ಆಗ್ಲಿಲ್ಲ.

ಮತ್ತೆ ಒಂದು ವಿಷಯ. ನಮ್ಮನೇಲಿ ಎಲ್ರಿಗೂ ಪಾಸಿಟಿವ್. ಮಕ್ಕಳು ಎರಡು ವಾರದಿಂದ ಗೇಟ್ ದಾಟಿಲ್ಲ. ತಂದಿದ್ದು ನಾನೇ, ಆಫೀಸಿಂದ. ಅಮ್ಮ ಹುಷಾರಾಗಿದಾರೆ, ಎರಡು ಡೋಸ್ ಆಗಿತ್ತು, ಆಕ್ಸಿಮೀಟರ್ 97 ತೋರಿಸ್ತಿದೆ. ಅರ್ಧ ಗಂಟೆಗೊಂದ್ಸಲ ನೋಡ್ತಿದೀನಿ.

ಡಾಕ್ಟ್ರಮ್ಮ | 22 ಜನವರಿ, ಬೆಳಿಗ್ಗೆ 10:25

97 ಒಳ್ಳೇದೇ. ದಿನಕ್ಕೆ ನಾಲ್ಕು ಸಲ ನೋಡಿ ಸಾಕು, ಅಮ್ಮಂಗೆ ಗಾಬರಿ ಆಗುತ್ತೆ. 94ಕ್ಕಿಂತ ಕೆಳಗೆ ಬಂದ್ರೆ ಅಥವಾ ಉಸಿರಾಟಕ್ಕೆ ಕಷ್ಟ ಅಂದ್ರೆ ಕಾಯ್ಬೇಡಿ, ಆಸ್ಪತ್ರೆಗೆ ಕರ್ಕೊಂಡ್ ಬನ್ನಿ.

ನೆಲಮಂಗಲ ಎಕ್ಸ್‌ಪ್ರೆಸ್ | 24 ಜನವರಿ, ಬೆಳಿಗ್ಗೆ 9:00

ನಿನ್ನೆ ರಾಜ್ಯದಲ್ಲಿ 50,210 ಕೇಸ್. ಪ್ರಾಕ್ಟಿಕಲ್ ಸರ್ ಅಮ್ಮ ಹೇಗಿದಾರೆ?

ಪಕ್ಕಾ ಪ್ರಾಕ್ಟಿಕಲ್ | 24 ಜನವರಿ, ಬೆಳಿಗ್ಗೆ 9:40

ಜ್ವರ ಬಿಟ್ಟಿದೆ. ಬೆಳಿಗ್ಗೆ ಕಾಫೀಗೆ ಡಿಕಾಕ್ಷನ್ ಸಾಲ್ದು ಅಂತ ಬೈದ್ರು, ಅಂದ್ರೆ ಗೆದ್ವಿ.

ಸ್ಕೂಲ್ ವ್ಯಾನ್ ಮಂಜ | 29 ಜನವರಿ, ರಾತ್ರಿ 8:30

ಸೋಮವಾರ 31ರಿಂದ ಸ್ಕೂಲ್!!! ನ್ಯೂಸಲ್ಲಿ ಬಂತು, ನೈಟ್ ಕರ್ಫ್ಯೂನೂ ಇಲ್ಲ. ಬ್ಯಾಟರಿ ಡೌನ್ ಆಗಿದೆ, ನಾಳೆ ಗುಡ್ಡದ ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡ್ಬೇಕು.

ಶ್ರೀನಗರದ ಅಮ್ಮ | 31 ಜನವರಿ, ಸಂಜೆ 5:15

ಹೋದ್ಳು, ಬಂದ್ಳು. ಕಬ್ಬು ಒಣಗಿತ್ತು, ಕೊಟ್ಟಿದಾಳೆ, ಆ ಹುಡುಗಿ ಅಗಿದೂ ಇದಾಳೆ. ಹಾಜರಿಗೆ ಏನಂದೆ ಅಂತ ಕೇಳ್ದೆ, "ಪ್ರೆಸೆಂಟ್ ಮಿಸ್ ಅಂದೆ, ಇನ್ನೇನ್ ಅಂತಾರೆ" ಅಂದ್ಳು.

ಚಾಕ್‌ಪೀಸ್ | 31 ಜನವರಿ, ರಾತ್ರಿ 9:50

ನಮ್ಮಲ್ಲಿ 34ರಲ್ಲಿ 27 ಬಂದ್ರು. ಏಳು ಜನ ಇಲ್ಲ, ನಾಲ್ಕು ಮನೆ ಖಾಲಿ, ಸೈಟ್ ಕೆಲಸ ನಿಂತಾಗ ಊರಿಗೆ ಹೋದ್ರು ಅಂತ ಮೇಸ್ತ್ರಿ ಹೇಳ್ದ.

ಅದರಲ್ಲಿ ಒಬ್ಳು ಮೂರನೇ ಕ್ಲಾಸಿನ ಹುಡುಗಿ. ಅವಳ ಮಿಸ್ಡ್ ಕಾಲ್ ಒಂದು ದಿನಾನೂ ತಪ್ಪಿಲ್ಲ, ಅದಕ್ಕೇ ಅವಳು ಇಲ್ಲೇ ಇದಾಳೆ ಅನ್ಕೊಂಡಿದ್ದೆ. ಇವತ್ತು ಬೆಂಚಲ್ಲಿ ಇಲ್ಲ. ರಾತ್ರಿ ಒಂಬತ್ತಕ್ಕೆ ಕಾಲ್ ಬಂತು, ತಿರುಗಿ ಮಾಡ್ದೆ, ಎಲ್ಲಿದೀಯ ಪುಟ್ಟಿ ಅಂದೆ. ಶಹಾಪುರ ತಾಲ್ಲೂಕಲ್ಲಿ ಅವರ ಊರಲ್ಲಿ ಇದಾಳೆ, ಸಂಕ್ರಾಂತಿಗೆ ಮುಂಚೇನೇ ಹೋಗಿದಾರೆ. ಹಗಲು ಅವ್ವನ ಜೊತೆ ಹತ್ತಿ ಬಿಡಿಸೋಕೆ ಹೋಗ್ತಾಳಂತೆ, ರಾತ್ರಿ ಒಂದು ಪುಟ ಓದಿ ಕಾಲ್ ಕೊಡ್ತಾಳೆ. "ನಂದು ಹಾಜರಿ ಹಾಕ್ರಿ ಟೀಚರ್" ಅಂದ್ಳು. ಯಾವ ರಿಜಿಸ್ಟರಲ್ಲಿ ಹಾಕ್ಲಿ?

ಆ ಊರಲ್ಲಿ ಸರ್ಕಾರಿ ಶಾಲೆ ಇದೆ, ಅವಳೇ ಹೇಳಿದ್ಳು, ಟಿಸಿ ಇಲ್ಲ ಅಂತ ಅಪ್ಪ ಹೋಗಿ ಕೇಳೇ ಇಲ್ಲ. ಟಿಸಿ ಇಲ್ದಿದ್ರೂ ಸೇರಿಸ್ಕೋಬೇಕು, ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೇಲೇ ಇದೆ, ಸ್ಯಾಟ್ಸ್ ನಂಬರ್ (ಇಲಾಖೆ ಪ್ರತಿ ಮಗೂಗೂ ಕೊಡೋ ನಂಬರ್) ನಾನು ಕೊಡ್ತೀನಿ. ಯಾರಾದ್ರೂ ಹೋಗಿ ಅವರಪ್ಪನ ಹತ್ರ ಕೂತು ಮಾತಾಡ್ಬೇಕು ಅಷ್ಟೆ. ಇಲ್ಲಿ ಶಹಾಪುರ ಸುರಪುರ ಕಡೆಯವ್ರು ಯಾರಾದ್ರೂ ಇದೀರಾ?

ಭೀಮಾ ದಂಡಿ | 31 ಜನವರಿ, ರಾತ್ರಿ 10:20

ಅಕ್ಕೋರೆ, ನಾನು ಶಹಾಪುರದಾಂವ, ಇಲ್ಲಿ ಪೀಣ್ಯಾದಾಗ ಕೆಲಸಾ ಮಾಡ್ತೀನಿ. ನಮ್ಮಣ್ಣ ಅಲ್ಲೇ ಸಾಲ್ಯಾಗ ಮಾಸ್ತರ ಅದಾನ್ರಿ. ಊರ ಹೆಸರು, ಅವರಪ್ಪನ ಫೋನ್ ನಂಬರು ಇಲ್ಲಿ ಹಾಕಬ್ಯಾಡ್ರಿ, ನನಗ ಒಬ್ಬಂವಗ ಮೆಸೇಜ್ ಮಾಡ್ರಿ. ನಾಳಿ ಮುಂಜಾನಿ ಹೊಲಕ್ಕ ಹೋಗೂದ್ರಾಗ ಅವರ ಮನಿ ಮುಂದ ನಿಂದರ್ಸ್ತೀನಿ ಅವನ್ನ.

ಚಾಕ್‌ಪೀಸ್ | 31 ಜನವರಿ, ರಾತ್ರಿ 10:22

ಕಳಿಸ್ದೆ.